ಸಹಾಯ ಬೇಕು: ಜಾಸ್ತಿ ಜನ ಕೇಳಿರದ ಸ್ಕಾ, ಸೋಲ್, ಬ್ಲೂಸ್ ಬ್ಯಾಂಡ್‌ಗಳು

ನಮಸ್ಕಾರ. ನಾನು ಮೂಡಿಗೆರೆ ಕಡೆಯವನು. ಈಗ ಕಾಫಿ ಕೊಯ್ಲು, ಸಂಜೆ ಕಣದ ಹತ್ತಿರ ಕೂತು ಹಾಡು ಕೇಳುವುದು ಅಭ್ಯಾಸ. ಫೋನಿನ ಆ್ಯಪ್ ಮಾತ್ರ ಅದೇ ಹತ್ತು ಹಾಡನ್ನು ತಿರುಗಾ ಮುರುಗಾ ಹಾಕುತ್ತದೆ. ಬೇಜಾರಾಗಿದೆ.

ಹುಚ್ಚು ಹತ್ತಿದ್ದು ಸ್ಕಾ ಅನ್ನುವ ಸಂಗೀತದಿಂದ. 1950ರ ದಶಕದ ಕೊನೆಗೆ ಜಮೈಕಾದಲ್ಲಿ ಹುಟ್ಟಿದ್ದು, ಅಲ್ಲಿಯದೇ ರೆಗೆ ಸಂಗೀತಕ್ಕಿಂತ ಹಳೆಯದು. ಗಿಟಾರ್ ಬೀಳುವುದು ತಾಳದ ಪೆಟ್ಟಿಗಲ್ಲ, ಎರಡು ಪೆಟ್ಟುಗಳ ನಡುವಿನ ಸಂದಿಗೆ. ಮೇಲೆ ಟ್ರಂಬೋನ್, ಸ್ಯಾಕ್ಸೋಫೋನ್. ಮೊದಲ ದಿನ ಕೇಳಿದ ನಮ್ಮ ತೋಟದ ಲೆಕ್ಕ ಬರೆಯುವ ರೈಟ್ರು, "ಏನ್ ಸಾರ್, ಮದುವೆ ಬ್ಯಾಂಡ್‌ಸೆಟ್‌ನವರು ತಾಳ ತಪ್ಪಿದ್ದಾರಲ್ಲ" ಅಂದರು. ಈಗ ಅವರ ಕಾಲೂ ಸುಮ್ನೆ ಕುಣಿಯುತ್ತದೆ!

ಜಮೈಕಾದ ಹಳೇ ಸ್ಕಾ ತಂಡ ಸ್ಕಟಲೈಟ್ಸ್ ಕೇಳಿದ್ದೇನೆ. 1979ರ ಹೊತ್ತಿಗೆ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಸ್ಕಾಗೆ ಪಂಕ್ (ಜೋರಾದ, ವೇಗದ ರಾಕ್) ಬೆರೆಸಿದ ಸ್ಪೆಷಲ್ಸ್, ಸೆಲೆಕ್ಟರ್ ಕೂಡ ಆಯ್ತು. ನಮ್ಮ ದೇಶದವರಲ್ಲಿ ದೆಹಲಿಯ ಸ್ಕಾ ವೆಂಜರ್ಸ್, ಅಮೆರಿಕದ ಕಪ್ಪು ಜನರ ನೋವಿನ ಹಾಡಿನ ಧಾಟಿಯಾದ ಬ್ಲೂಸ್‌ಗೆ ಶಿಲ್ಲಾಂಗಿನ ಸೋಲ್‌ಮೇಟ್ ಗೊತ್ತು. ಇವರನ್ನು ಬಿಟ್ಟು ಹೇಳಿ. ಚರ್ಚ್ ಹಾಡಿನ ಭಾವ ತುಂಬಿದ ಅಮೆರಿಕದ ಸೋಲ್‌ನಲ್ಲಿ ಮೆಂಫಿಸ್‌ನ ಸ್ಟ್ಯಾಕ್ಸ್ ರೆಕಾರ್ಡ್ ಕಂಪನಿಯ ದೊಡ್ಡ ಹೆಸರುಗಳು ಸಾಕಷ್ಟಾಗಿವೆ, ಸಣ್ಣ ಲೇಬಲ್‌ಗಳವರು ಬೇಕು. ಹೆಣ್ಣುದನಿ ಇದ್ದರೆ ಇನ್ನೂ ಖುಷಿ. ಪಂಕ್ ಒಂದೆರಡು ಸಾಕು, ಬರೀ ಕಿರುಚಾಟ ನನಗೆ ಆಗಲ್ಲ.

ಹೆಸರಿನ ಜೊತೆ ಯಾವ ಆಲ್ಬಂನಿಂದ ಶುರು ಮಾಡಬೇಕು ಅಂತಲೂ ಬರೆಯಿರಿ. ತೋಟದಲ್ಲಿ ನೆಟ್‌ವರ್ಕ್ ಇಲ್ಲ, ಭಾನುವಾರ ಪೇಟೆಗೆ ಹೋದಾಗ ಡೌನ್‌ಲೋಡ್ ಮಾಡಿಕೊಳ್ಳಬೇಕು. ಚಿಕ್ಕಮಗಳೂರು, ಹಾಸನದಲ್ಲಿ ಹಳೇ ರೆಕಾರ್ಡ್, ಕ್ಯಾಸೆಟ್ ಇಟ್ಟುಕೊಂಡವರಿದ್ದರೆ ಹೇಳಿ, ಬಂದು ಕೇಳಿ ಹೋಗುತ್ತೇನೆ. ಕಾಫಿಪುಡಿ ನಾನು ತರುತ್ತೇನೆ.