ಜರ್ಮನಿಯಲ್ಲಿ ಆಸ್‌ಬಿಲ್ಡುಂಗ್: ತರಬೇತಿ ನಡುವೆ ನಿಂತರೆ ರೆಸಿಡೆನ್ಸ್ ಪರ್ಮಿಟ್ ಏನಾಗುತ್ತದೆ?

ಪ್ರಶ್ನೆ: ನಮಸ್ಕಾರ ಮೇಡಂ. ನನ್ನ ತಮ್ಮ ಐಟಿಐ ಫಿಟ್ಟರ್ ಮುಗಿಸಿ, ಜರ್ಮನ್ ಭಾಷೆಯ ಬಿ1 (ಮಧ್ಯಮ ಹಂತದ) ಪರೀಕ್ಷೆಯಲ್ಲೂ ಪಾಸಾಗಿದ್ದಾನೆ. ಜರ್ಮನಿಯ ಕಾರ್ಖಾನೆಯೊಂದು ಇಂಡಸ್ಟ್ರಿಯಲ್ ಮೆಕ್ಯಾನಿಕ್ ವೃತ್ತಿಯ ಮೂರೂವರೆ ವರ್ಷದ ಆಸ್‌ಬಿಲ್ಡುಂಗ್‌ಗೆ (ಕಂಪನಿಯಲ್ಲಿ ಕೆಲಸ ಕಲಿಯುತ್ತ ವೃತ್ತಿ ಶಾಲೆಗೂ ಹೋಗುವ ತರಬೇತಿಗೆ) ಒಪ್ಪಂದಪತ್ರ ಕಳುಹಿಸಿದೆ. ಕಂಪನಿಯವರು ನಡುವೆ ಕೈಬಿಟ್ಟರೆ ಮರುದಿನವೇ ದೇಶ ಬಿಡಬೇಕಾಗುತ್ತದೆ ಎಂದು ಕೆಲವರು ಹೆದರಿಸುತ್ತಿದ್ದಾರೆ. ಇದು ನಿಜವೇ? ಕಂಪನಿಗೆ ಕಟ್ಟಬೇಕಾದ ತರಬೇತಿ ಶುಲ್ಕವೆಂದು ಏಜೆಂಟರು ಹಣವನ್ನೂ ಕೇಳುತ್ತಿದ್ದಾರೆ.

ಉತ್ತರ: ನಮಸ್ಕಾರ. ಮೊದಲು ಹಣದ ವಿಷಯ. ತರಬೇತಿ ನೀಡುವುದಕ್ಕಾಗಿ ಅಭ್ಯರ್ಥಿಯಿಂದ ಶುಲ್ಕ ಪಡೆಯುವ ಯಾವುದೇ ಕರಾರು ಜರ್ಮನಿಯ ವೃತ್ತಿ ತರಬೇತಿ ಕಾಯ್ದೆಯ ಪ್ರಕಾರ ಅಸಿಂಧು. ಅಲ್ಲಿ ಕಂಪನಿಯೇ ಪ್ರತಿ ತಿಂಗಳು ತರಬೇತಿ ಭತ್ಯೆ ಕೊಡಬೇಕು. ಆದ್ದರಿಂದ ಆ ಹೆಸರಿನಲ್ಲಿ ಒಂದು ರೂಪಾಯಿಯನ್ನೂ ಕೊಡಬೇಡಿ.

ಇನ್ನು ನಿಮ್ಮ ಮುಖ್ಯ ಆತಂಕ. ನಿಮ್ಮ ತಮ್ಮನಿಗೆ ಸಿಗುವುದು ವಾಸಸ್ಥಾನ ಕಾಯ್ದೆಯ 16ಎ ಕಲಮಿನ ಪರ್ಮಿಟ್. ಅದು ಆ ತರಬೇತಿಗೆಂದೇ ಕೊಡುವ ಪರ್ಮಿಟ್ ಆದ್ದರಿಂದ ತರಬೇತಿ ನಿಂತರೆ ಅದರ ಆಧಾರವೂ ಹೋಗುತ್ತದೆ ಎಂಬುದು ನಿಜ; ಆದರೆ ಮರುದಿನವೇ ಹೊರಡಬೇಕೆಂಬುದು ಸುಳ್ಳು. ತರಬೇತಿ ನಿಂತದ್ದು ಅವನ ತಪ್ಪಿನಿಂದಲ್ಲವಾದರೆ, ಪರ್ಮಿಟ್ ಹಿಂಪಡೆಯುವ ಮುನ್ನ ಬೇರೆ ತರಬೇತಿ ಸ್ಥಳ ಹುಡುಕಿಕೊಳ್ಳಲು ಆರು ತಿಂಗಳವರೆಗೆ ಅವಕಾಶ ಕೊಡಬೇಕೆಂದು ಅದೇ ಕಲಮು ಹೇಳುತ್ತದೆ. ಇದಕ್ಕೆ ಪ್ರತಿಯಾಗಿ ಅವನ ಮೇಲೂ ಒಂದು ಹೊಣೆಯಿದೆ: ತರಬೇತಿ ಅವಧಿಗೆ ಮುನ್ನವೇ ಮುಗಿದ ವಿಷಯ ತಿಳಿದ ಎರಡು ವಾರಗಳೊಳಗೆ ಸ್ಥಳೀಯ ವಿದೇಶಿಯರ ಕಚೇರಿಗೆ ತಿಳಿಸಬೇಕು. ಹೆದರಿ ಸುಮ್ಮನಿರುವ ಹುಡುಗರೇ ಹೆಚ್ಚಾಗಿ ತೊಂದರೆಗೆ ಸಿಲುಕುತ್ತಾರೆ. ಮನೆಯವರು ಇದನ್ನು ಅವನಿಗೆ ಈಗಲೇ ಮನವರಿಕೆ ಮಾಡಿಕೊಡಬೇಕೆಂದು ಕೇಳಿಕೊಳ್ಳುತ್ತೇನೆ.

ಒಪ್ಪಂದಪತ್ರದಲ್ಲಿ ‘ಪ್ರೋಬೆತ್ಸೈಟ್’ ಎಂದಿರುವ ಸಾಲನ್ನು ಹುಡುಕಿ. ಅದು ಪರೀಕ್ಷಾರ್ಥ ಅವಧಿ. ಒಂದು ತಿಂಗಳಿಗಿಂತ ಕಡಿಮೆ, ನಾಲ್ಕು ತಿಂಗಳಿಗಿಂತ ಹೆಚ್ಚು ಇರುವಂತಿಲ್ಲ. ಅಷ್ಟು ಕಾಲ ಎರಡೂ ಕಡೆಯವರು ಮುಂಚಿತ ನೋಟಿಸ್ ಇಲ್ಲದೆ ಒಪ್ಪಂದ ಮುರಿಯಬಹುದು. ಅದು ಕಳೆದ ಮೇಲೆ ಗಂಭೀರ ಕಾರಣವಿಲ್ಲದೆ ಕಂಪನಿ ಅವನನ್ನು ತೆಗೆಯುವಂತಿಲ್ಲ, ತೆಗೆಯುವುದಾದರೂ ಕಾರಣವನ್ನು ಬರಹದಲ್ಲಿ ಕೊಡಬೇಕು. ಹಾಗಾಗಿ ಮೊದಲ ಕೆಲವು ತಿಂಗಳುಗಳೇ ನಾಜೂಕಿನವು, ಮತ್ತು ಆಗ ಕಾಪಾಡುವುದು ಭಾಷೆ. ಬಿ1 ವೀಸಾಕ್ಕೆ ಸಾಕಾದರೂ, ವಾರದಲ್ಲಿ ಒಂದೆರಡು ದಿನ ನಡೆಯುವ ವೃತ್ತಿ ಶಾಲೆಯಲ್ಲಿ ತಾಂತ್ರಿಕ ಪಾಠವನ್ನು ಜರ್ಮನ್‌ನಲ್ಲೇ ಕೇಳಿ ಬರೆದುಕೊಳ್ಳಲು ಸಾಲದು ಎಂಬುದು ನನ್ನ ಖಚಿತ ಅಭಿಪ್ರಾಯ. ಹೊರಡುವ ಮುನ್ನ ಅದರ ಮುಂದಿನ ಹಂತವಾದ ಬಿ2 ಪಾಠಗಳನ್ನು ಆರಂಭಿಸಲಿ.

ಪ್ರಶ್ನೆ: ಧನ್ಯವಾದ ಮೇಡಂ, ಮನಸ್ಸು ಹಗುರವಾಯಿತು. ಭತ್ಯೆ ಖರ್ಚಿಗೆ ಸಾಲದಿದ್ದರೆ ಬೇರೆ ಕೆಲಸ ಮಾಡಬಹುದೇ? ಅಂತಿಮ ಪರೀಕ್ಷೆಯಲ್ಲಿ ಫೇಲಾದರೆ?

ಉತ್ತರ: 2024ರ ಮಾರ್ಚ್‌ನಿಂದ ತರಬೇತಿಯ ಜೊತೆಗೆ ವಾರಕ್ಕೆ 20 ಗಂಟೆಯವರೆಗೆ ಬೇರೆ ಕೆಲಸಕ್ಕೆ ಅವಕಾಶವಿದೆ. ಆದರೂ ಮೊದಲ ವರ್ಷ ಅದರ ಗೋಜಿಗೆ ಹೋಗದಿರುವುದು ಒಳ್ಳೆಯದು. ವೀಸಾ ಅರ್ಜಿಯ ಹೊತ್ತಿಗೇ ಭತ್ಯೆ ಕಡಿಮೆ ಕಂಡರೆ ಉಳಿದ ಮೊತ್ತವನ್ನು ಬ್ಲಾಕ್ಡ್ ಅಕೌಂಟಿನಲ್ಲಿ (ತಿಂಗಳಿಗೆ ಇಂತಿಷ್ಟೇ ಎಂದು ಹಣ ತೆಗೆಯಬಹುದಾದ ಬ್ಯಾಂಕ್ ಖಾತೆಯಲ್ಲಿ) ತೋರಿಸಬಹುದು.

ಅಂತಿಮ ಪರೀಕ್ಷೆಯನ್ನು ಎರಡು ಬಾರಿ ಮತ್ತೆ ಬರೆಯಬಹುದು. ಫೇಲಾದವರು ಕೇಳಿಕೊಂಡರೆ ಮುಂದಿನ ಪರೀಕ್ಷೆಯವರೆಗೆ, ಒಟ್ಟಾರೆ ಒಂದು ವರ್ಷ ಮೀರದಂತೆ, ಕಂಪನಿ ತರಬೇತಿಯನ್ನು ಮುಂದುವರಿಸಲೇಬೇಕು. ಆದರೆ ಪರ್ಮಿಟ್ ತಾನಾಗಿ ಮುಂದುವರಿಯುವುದಿಲ್ಲ. ವಿಸ್ತರಿಸಿದ ಒಪ್ಪಂದದೊಂದಿಗೆ, ಕಾರ್ಡಿನ ಮೇಲಿರುವ ಕೊನೆಯ ದಿನಾಂಕಕ್ಕೆ ಮೊದಲೇ ಅರ್ಜಿ ಹಾಕಬೇಕು. ಹಾಗೆ ಹಾಕಿದರೆ ತೀರ್ಮಾನ ಬರುವವರೆಗೆ ಹಳೆಯ ಪರ್ಮಿಟ್ ಚಾಲ್ತಿಯಲ್ಲಿದೆ ಎಂದೇ ಕಾನೂನು ಪರಿಗಣಿಸುತ್ತದೆ. ಅದಕ್ಕೆ ಪುರಾವೆಯಾಗಿ ‘ಫಿಕ್ಸಿಯೋನ್ಸ್‌ಬೆಷೈನಿಗುಂಗ್’ ಎಂಬ ಪತ್ರವನ್ನು ಕೇಳಿ ಪಡೆದುಕೊಳ್ಳಲಿ.