ಬ್ರೇಜಿಂಗ್ ಜಾಯಿಂಟ್ ಮೂರನೇ ಸಲ ಬಿಟ್ಟಿತು, ತಲೆ ಕೆಟ್ಟುಹೋಗಿದೆ

ಗಾಳಿಪೆಟ್ಟಿಗೆ: ಹಳೇ ಫ್ರಿಜ್ಜಿನ ಕಂಪ್ರೆಸರ್‌ನಿಂದ ಏರ್‌ಬ್ರಷ್‌ಗೆ ಗಾಳಿ ತೆಗೆಯುತ್ತಿದ್ದೇನೆ. ಗಾಳಿ ಹೊರಬರುವ ಪೈಪಿಗೆ ತಾಮ್ರದ ಪೈಪ್ ಬ್ರೇಜ್ ಮಾಡಿದೆ. ಬೆಸೆಯೋ ರಾಡ್ ಕರಗಿ ಚೆನ್ನಾಗಿಯೇ ಹರಿಯಿತು. ಎರಡು ದಿನ ಓಡಿಸಿದ್ದಕ್ಕೆ ಬಿರುಕು! ಏನು ತಪ್ಪು?

ಎಮರಿ_ಪೇಪರ್: ಎರಡು ಪೈಪಿನ ನಡುವೆ ಸಂದು ಜಾಸ್ತಿ ಇದೆ, ಖಂಡಿತ. 0.05ರಿಂದ 0.1 ಮಿ.ಮೀ. ಇದ್ದರೇನೇ ಕರಗಿದ ರಾಡನ್ನು ಒಳಗೆ ಎಳೆದುಕೊಳ್ಳುತ್ತದೆ.

ಗಾಳಿಪೆಟ್ಟಿಗೆ: ಬಿಗಿಯಾಗಿಯೇ ಕೂರುತ್ತದೆ ಸರ್.

ಎಮರಿ_ಪೇಪರ್: ಹಾಗಾದ್ರೆ ತೀರಾ ಬಿಗಿ. ಅದೂ ಸಂದಿನ ಸಮಸ್ಯೆನೇ.

ಆರ್ಕ್_ಅಣ್ಣ: ಸುಮ್ನೆ ವೆಲ್ಡ್ ಹೊಡೀರಿ. ಬ್ರೇಜಿಂಗ್ ಅಂದ್ರೆ ಗೋಂದು ಹಚ್ಚಿದ ಹಾಗೆ.

ಕುಲುಮೆ: ಅಣ್ಣಾ, ಆ ಪೈಪಿನ ಗೋಡೆ ಒಂದು ಮಿ.ಮೀ. ಕೂಡ ಇರಲ್ಲ. ಆರ್ಕ್ ತಾಗಿದರೆ ತೂತು. ಬ್ರೇಜಿಂಗ್‌ನಲ್ಲಿ ರಾಡ್ ಮಾತ್ರ ಕರಗುತ್ತದೆ, ಪೈಪ್ ಹಾಗೇ ಉಳಿಯುತ್ತದೆ. ತಾಮ್ರ ಕರಗೋಕೆ 1085 ಡಿಗ್ರಿ ಬೇಕು. ತಾಮ್ರಕ್ಕೆ ಕಬ್ಬಿಣ ಕೂಡಿಸೋಕೂ ಇದೇ ಸುಲಭ. ಗಾಳಿಪೆಟ್ಟಿಗೆಯವರೇ, ಯಾವ ರಾಡ್? ಲೋಹದ ಮೇಲಿನ ಕಿಲುಬು ಬಿಡಿಸೋ ಫ್ಲಕ್ಸ್ ಹಚ್ಚಿದ್ರಾ?

ಗಾಳಿಪೆಟ್ಟಿಗೆ: ಎಸಿ ಮೆಕ್ಯಾನಿಕ್‌ಗಳು ಬಳಸೋ ಚಪ್ಪಟೆ ರಾಡ್. ತಾಮ್ರಕ್ಕೆ ತಾಮ್ರ ಆದರೆ ಫ್ಲಕ್ಸ್ ಬೇಡ ಅಂದ್ರು ಅಂಗಡಿಯಲ್ಲಿ.

ಕುಲುಮೆ: ಕಂಪ್ರೆಸರ್ ಕಡೆಯದೂ ತಾಮ್ರ ಅಂತ ಯಾರು ಹೇಳಿದ್ದು? ಅಯಸ್ಕಾಂತ ಇಟ್ಟು ನೋಡಿ.

ಎಮರಿ_ಪೇಪರ್: ಅಯಸ್ಕಾಂತಕ್ಕೂ ಸಂದಿಗೂ ಏನು ಸಂಬಂಧ?

ಆರ್ಕ್_ಅಣ್ಣ: ನನ್ನ ಟಿಗ್ ವೆಲ್ಡಿಂಗ್ ಮೆಷಿನ್‌ನಲ್ಲಿ ಅರ್ಧ ಮಿ.ಮೀ. ಶೀಟೂ ಹೊಡೆದಿದ್ದೇನೆ, ತೂತು ಆಗಿಲ್ಲ.

ಗಾಳಿಪೆಟ್ಟಿಗೆ: ಅಯ್ಯೋ, ಅಂಟಿಕೊಂಡಿತು! ಅರದಲ್ಲಿ ಉಜ್ಜಿದೆ. ಮೇಲೆ ಕೆಂಪು, ಒಳಗೆ ಬೆಳ್ಳಗೆ.

ಕುಲುಮೆ: ಕಬ್ಬಿಣದ ಪೈಪು, ಮೇಲೆ ತಾಮ್ರದ ಲೇಪ. ನಿಮ್ಮ ರಾಡಿನಲ್ಲಿ ರಂಜಕ ಇದೆ. ತಾಮ್ರದ ಮೇಲೆ ಆ ರಂಜಕವೇ ಫ್ಲಕ್ಸಿನ ಕೆಲಸ ಮಾಡುತ್ತದೆ. ಕಬ್ಬಿಣಕ್ಕೆ ತಾಗಿದರೆ ಗಾಜಿನಂಥ ಪೆಡಸು ಪದರ ಕಟ್ಟುತ್ತದೆ. ಕಂಪ್ರೆಸರ್ ಅದುರಿದ ಹಾಗೆ ಬಿರುಕು. ಅದರ ಮೇಲೇ ಮತ್ತೆ ಹಚ್ಚಬೇಡಿ, ಆ ತುದಿ ಕತ್ತರಿಸಿ. 45% ಬೆಳ್ಳಿ ರಾಡ್ ತಗೊಳ್ಳಿ, ಕ್ಯಾಡ್ಮಿಯಂ ಇಲ್ಲದ್ದು ಅಂತ ಕೇಳಿ, ಕ್ಯಾಡ್ಮಿಯಂ ಹೊಗೆ ವಿಷ. ಫ್ಲಕ್ಸ್ ಹಚ್ಚಿ ಕಾಯಿಸಿ. ಮೊದಲು ನೊರೆ ಬರುತ್ತದೆ, ಆಮೇಲೆ ನೀರಿನ ಹಾಗೆ ತಿಳಿಯಾಗುತ್ತದೆ. ಆಗ ರಾಡ್ ತಾಗಿಸಿ. ಪೈಪಿನ ಬಿಸಿಗೇ ಕರಗಬೇಕು, ಬೆಂಕಿಗಲ್ಲ.

ಅಕ್ಕಸಾಲಿ_ಮಗ: ನಮ್ಮಪ್ಪ ಫ್ಲಕ್ಸ್ ಅಂತ ಬಿಳಿಗಾರ (ಬೋರಾಕ್ಸ್) ತೇಯ್ದು ಹಚ್ಚುತ್ತಿದ್ದರು. ಅದು ಸಾಕಾಗಲ್ವಾ?

ಕುಲುಮೆ: ಬಿಳಿಗಾರ ಕರಗೋಕೆ 740 ಡಿಗ್ರಿ ದಾಟಬೇಕು. ಈ ರಾಡ್ 680ರ ಹೊತ್ತಿಗೇ ಹರಿಯುತ್ತದೆ. ಇದಕ್ಕೆ ಬೆಳ್ಳಿ ರಾಡಿನ ಫ್ಲಕ್ಸೇ ಬೇಕು.

ಎಮರಿ_ಪೇಪರ್: ಎಲ್ಲ ಸರಿ. ಸಂದು ಎಷ್ಟಿದೆ ಅಂತ ಇನ್ನೂ ಅಳೆದಿಲ್ಲ.

ಅಕ್ಕಸಾಲಿ_ಮಗ: ಆರ್ಕ್ ಅಣ್ಣ, ಆ ಟಿಗ್ ಮೆಷಿನ್ ಎಷ್ಟು ಆಂಪ್ಸ್?

ಆರ್ಕ್_ಅಣ್ಣ: 200. ಇರಿ, ಫೋಟೋ ಹಾಕ್ತೀನಿ.