ಸಹಾಯ ಬೇಕು: ಕೆಮ್ಮಿನ ಸಿರಪ್‌ನಲ್ಲಿ ಟರ್ಬ್ಯುಟಲಿನ್, ಹತ್ತು ದಿನಗಳಲ್ಲಿ ಮಗಳ ಓಟ

ಎಲ್ಲರಿಗೂ ನಮಸ್ಕಾರ. ನನ್ನ ಮಗಳು 800 ಮೀಟರ್ ಓಟಗಾರ್ತಿ. ಹತ್ತು ದಿನಗಳಲ್ಲಿ ರಾಷ್ಟ್ರಮಟ್ಟದ ಜೂನಿಯರ್ ಕೂಟವಿದೆ. ಕೆಮ್ಮು ಬಿಡಲಿಲ್ಲವೆಂದು ಔಷಧಿ ಅಂಗಡಿಯಿಂದ ಸಿರಪ್ ತಂದು ಮೂರು ದಿನ ನಾನೇ ಕುಡಿಸಿದೆ. ನಿನ್ನೆ ರಾತ್ರಿ ಲೇಬಲ್ ಓದಿದಾಗ ಎದೆ ಧಸಕ್ಕೆಂದಿತು: ಶ್ವಾಸನಾಳ ಹಿಗ್ಗಿಸುವ ಔಷಧಿ ಟರ್ಬ್ಯುಟಲಿನ್! ವಾಡಾ, ಅಂದರೆ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯ ಪಟ್ಟಿಯಲ್ಲಿ ಅದು ಸ್ಪರ್ಧೆಯ ದಿನ ಮಾತ್ರವಲ್ಲ, ಸದಾಕಾಲ ನಿಷಿದ್ಧ. ಅದೇ ಗುಂಪಿನ ಔಷಧಿ ಸಾಲ್ಬುಟಮಾಲ್ ಇನ್‌ಹೇಲರ್‌ಗಾದರೆ 24 ಗಂಟೆಗೆ 1600 ಮೈಕ್ರೊಗ್ರಾಂವರೆಗೆ ಅವಕಾಶವಿದೆ. ಇದಕ್ಕೆ ಅಂಥ ಮಿತಿಯೂ ಇಲ್ಲ. ಅಮ್ಮ ಕುಡಿಸಿದಳು ಎಂದರೆ ಯಾರೂ ಬಿಟ್ಟುಬಿಡುವುದಿಲ್ಲ, ಮೂತ್ರದ ಮಾದರಿಯಲ್ಲಿ ಸಿಕ್ಕಿದ್ದಕ್ಕೆ ಕ್ರೀಡಾಪಟುವೇ ಹೊಣೆ. ನಾಲ್ಕು ವರ್ಷಗಳಿಂದ ಬೆಳಗಿನ ಐದಕ್ಕೆ ಎದ್ದು ಓಡುತ್ತಿರುವ ಹುಡುಗಿ ಅವಳು.

ಸಿರಪ್ ನಿಲ್ಲಿಸಿದ್ದೇವೆ. ಬಾಟಲಿ, ಬಿಲ್ಲು ಎತ್ತಿಟ್ಟಿದ್ದೇನೆ. ಚಿಕಿತ್ಸೆಯ ವಿನಾಯಿತಿಗಾಗಿ, ಅಂದರೆ ಟಿಯುಇಗಾಗಿ, ನಾಡಾಗೆ (ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಸಂಸ್ಥೆಗೆ) ಅರ್ಜಿ ಹಾಕಿದವರು ಇಲ್ಲಿದ್ದೀರಾ? ವೈದ್ಯರ ಚೀಟಿಯೇ ಇಲ್ಲದಿದ್ದರೆ ಅರ್ಜಿಗೆ ಅರ್ಥವಿದೆಯೇ? ಈ ನಿಯಮಗಳನ್ನು ಬಲ್ಲ ಕ್ರೀಡಾ ವೈದ್ಯರು ಬೆಂಗಳೂರಿನಲ್ಲಿದ್ದರೆ ದಯವಿಟ್ಟು ತಿಳಿಸಿ. ಕೂಟದಿಂದ ಹಿಂದೆ ಸರಿಯಬೇಕಾದರೂ ಸರಿಯೇ, ಅವಳ ಹೆಸರಿಗೆ ಕಳಂಕ ತಟ್ಟಬಾರದು. ಎರಡು ದಿನಗಳೊಳಗೆ ನಿರ್ಧರಿಸಬೇಕಿದೆ.